ಯೇಸುವನ್ನು ಬಿಟ್ಟರೆ ಪಾಪ ಮಾಡದೆ ಬದುಕಿದವರು ಯಾರಾದರೂ ಇದ್ದರೇ?

ಪ್ರಶ್ನೆ: ಬೈಬಲ್ ನೋಹನನ್ನೂ ಯೋಬನನ್ನೂ ನಿರ್ದೋಷಿಗಳು ಎನ್ನುತ್ತದೆ. ಅದೇ ಬೈಬಲ್ ಎಲ್ಲರೂ ಪಾಪಿಗಳು ಎಂದೂ ಹೇಳುತ್ತದೆ. ನನ್ನ ಕಥೋಲಿಕ ಗೆಳತಿ, ಮಾತೆ ಮರಿಯಮ್ಮ ಒಂದೂ ಪಾಪ ಮಾಡಿಲ್ಲ ಎನ್ನುತ್ತಾಳೆ. ನಮ್ಮ ಸಭೆಯಲ್ಲಿ ಯೇಸು ಒಬ್ಬರೇ ಎಂದು ಕಲಿಸುತ್ತಾರೆ. ಯಾವುದು ಸರಿ? ಬೇರೆ ಧರ್ಮದವರು ಇದಕ್ಕೆ ಏನು ಹೇಳುತ್ತಾರೆ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಹುಟ್ಟಿನಿಂದ ಸಾವಿನವರೆಗೆ ಒಂದೂ ಪಾಪ ಮಾಡಲಿಲ್ಲ ಎಂದು ಮುಖ್ಯ ಕ್ರೈಸ್ತ ಸಭೆಗಳೆಲ್ಲ ಒಪ್ಪುವುದು ಯೇಸು ಒಬ್ಬರ ವಿಷಯದಲ್ಲಿ ಮಾತ್ರ. ಕಥೋಲಿಕ ಸಭೆ ಇನ್ನೊಂದೇ ಒಂದು ಹೆಸರು ಸೇರಿಸುತ್ತದೆ, ಮರಿಯ. ಪೂರ್ವದ ಹಳೆಯ ಪರಂಪರೆಯ ಆರ್ಥೊಡಾಕ್ಸ್ ಸಭೆಗಳೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತವೆ, ಆದರೆ ಬೇರೆ ದಾರಿಯಲ್ಲಿ. ಪ್ರೊಟೆಸ್ಟೆಂಟರು ಸಾಮಾನ್ಯವಾಗಿ ಒಪ್ಪುವುದಿಲ್ಲ. ನೋಹ, ಯೋಬ, ಹನೋಕ, ಎಲೀಯ ಇವರನ್ನು ಪಾಪವೇ ಇಲ್ಲದವರು ಎಂದು ಈ ಸಭೆಗಳು ಯಾವುವೂ ಕಲಿಸುವುದಿಲ್ಲ. ಎಳೆಗೂಸುಗಳ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಇದರಲ್ಲಿ ಜಾಸ್ತಿ ಗೊಂದಲ ಆಗುವುದು ಒಂದೇ ಕಾರಣಕ್ಕೆ. ಪಾಪ ಎಂದಾಗ ಒಬ್ಬರು ಒಂದನ್ನು ಹೇಳುತ್ತಿರುತ್ತಾರೆ, ಇನ್ನೊಬ್ಬರು ಇನ್ನೊಂದನ್ನು ಕೇಳಿಸಿಕೊಳ್ಳುತ್ತಾರೆ. ನಾವೇ ಮಾಡುವ ಪಾಪ ಒಂದು. ಸುಳ್ಳು, ಕಳವು, ಹೊಟ್ಟೆಕಿಚ್ಚು, ಮಾಡಬೇಕಾದ ಒಳ್ಳೆಯದನ್ನು ಮಾಡದೆ ಬಿಡುವುದು ಎಲ್ಲವೂ ಇದಕ್ಕೆ ಸೇರುತ್ತವೆ. ಇನ್ನೊಂದು ಜನ್ಮಪಾಪ. ಆದಾಮನ ನಂತರ ಎಲ್ಲ ಮನುಷ್ಯರೂ ಹುಟ್ಟುವಾಗಲೇ ಕೆಟ್ಟುಹೋದ ಸ್ಥಿತಿಯಲ್ಲಿ ಹುಟ್ಟುತ್ತಾರೆ ಎನ್ನುವ ಬೋಧನೆ ಅದು. ಮಗು ಮೊದಲನೆಯದನ್ನು ಮಾಡಿರುವುದಿಲ್ಲ. ಆದರೂ ಎರಡನೆಯದು ಅದಕ್ಕೆ ಅಂಟಿರುತ್ತದೆ ಎಂದು ಪಶ್ಚಿಮದ ಸಭೆಗಳು, ಅಂದರೆ ಕಥೋಲಿಕರೂ ಹೆಚ್ಚಿನ ಪ್ರೊಟೆಸ್ಟೆಂಟರೂ, ಹೇಳುತ್ತವೆ. ಯಾರಾದರೂ ಪಾಪವಿಲ್ಲದೆ ಇದ್ದರೇ ಎಂದು ಕೇಳಿದಾಗ ಯಾವುದನ್ನು ಕೇಳುತ್ತಿದ್ದೇವೆ ಎಂದು ಮೊದಲೇ ತೀರ್ಮಾನ ಮಾಡಿಕೊಂಡರೆ ಅರ್ಧ ಜಗಳ ಅಲ್ಲೇ ನಿಂತುಹೋಗುತ್ತದೆ.

ಇನ್ನು ನೋಹ ಮತ್ತು ಯೋಬ. ಆದಿಕಾಂಡ 6:9 ನೋಹನನ್ನು ನೀತಿವಂತ, ತನ್ನ ಕಾಲದವರಲ್ಲಿ ನಿರ್ದೋಷಿ ಎಂದು ಹೊಗಳುತ್ತದೆ. ಮೂರೇ ಅಧ್ಯಾಯ ಮುಂದೆ ಹೋಗಿ. ಜಲಪ್ರಳಯ ಇಳಿದ ಮೇಲೆ ನೋಹ ದ್ರಾಕ್ಷಿ ತೋಟ ಮಾಡಿ, ದ್ರಾಕ್ಷಾರಸ ಕುಡಿದು ಅಮಲೇರಿ, ಗುಡಾರದಲ್ಲಿ ಬೆತ್ತಲೆ ಬಿದ್ದಿದ್ದಾನೆ. ಹೊಗಳಿದ ಪುಸ್ತಕವೇ ಇದನ್ನೂ ಬರೆದಿದೆ, ಮುಚ್ಚಿಟ್ಟಿಲ್ಲ. ಯೋಬನದು ಇನ್ನೂ ಸ್ವಾರಸ್ಯ. ಮೊದಲ ಅಧ್ಯಾಯದಲ್ಲಿ ದೇವರೇ ಅವನ ಪರವಾಗಿ ಮಾತಾಡುತ್ತಾರೆ, ಇವನಂಥವನು ಭೂಮಿಯಲ್ಲಿ ಇಲ್ಲ ಎಂದು. ಅವನ ಗೆಳೆಯರು ಬಂದು, ನೀನು ಏನೋ ಪಾಪ ಮಾಡಿರಲೇಬೇಕು, ಅದಕ್ಕೇ ಈ ಕಷ್ಟ ಎಂದು ಪುಟಗಟ್ಟಲೆ ವಾದಿಸುತ್ತಾರೆ. ಕೊನೆಯಲ್ಲಿ ದೇವರು ಬೈಯುವುದು ಆ ಗೆಳೆಯರನ್ನು. ಅಂದರೆ ಯೋಬನ ಕಷ್ಟಕ್ಕೂ ಅವನ ಪಾಪಕ್ಕೂ ಸಂಬಂಧವಿಲ್ಲ. ಹಾಗಂತ ಯೋಬ ಪಾಪವೇ ಮಾಡಿಲ್ಲ ಎಂದಾಯಿತೇ? ಇಲ್ಲ. 13ನೇ ಅಧ್ಯಾಯದಲ್ಲಿ ಅವನೇ ತನ್ನ ಯೌವನದ ತಪ್ಪುಗಳ ಮಾತೆತ್ತುತ್ತಾನೆ. 42ರಲ್ಲಿ ಧೂಳಿಯಲ್ಲೂ ಬೂದಿಯಲ್ಲೂ ಕೂತು ಪಶ್ಚಾತ್ತಾಪ ಪಡುತ್ತಾನೆ.

ಬೈಬಲಿನಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಲೂಕನ ಸುವಾರ್ತೆ ಶುರುವಾಗುವಾಗಲೇ ಜಕರೀಯ ಮತ್ತು ಎಲಿಸಬೇತ ಎಂಬ ವಯಸ್ಸಾದ ದಂಪತಿ ಬರುತ್ತಾರೆ. ಇಬ್ಬರೂ ದೇವರ ಎಲ್ಲ ಆಜ್ಞೆಗಳನ್ನು ತಪ್ಪಿಲ್ಲದೆ ಪಾಲಿಸುವವರು ಎಂದು 6ನೇ ವಚನ. 20ನೇ ವಚನಕ್ಕೆ ಬರುವ ಹೊತ್ತಿಗೆ ಜಕರೀಯ ದೇವದೂತನ ಮಾತು ನಂಬದೆ ಮೂಕನಾಗಿದ್ದಾನೆ. ದಾನಿಯೇಲನ ಶತ್ರುಗಳು ಎಷ್ಟು ಹುಡುಕಿದರೂ ಅವನ ಕೆಲಸದಲ್ಲಿ ಒಂದು ತಪ್ಪು ಸಿಗಲಿಲ್ಲ. ಆದರೆ 9ನೇ ಅಧ್ಯಾಯದಲ್ಲಿ ಅವನು ತನ್ನ ಪಾಪವನ್ನೂ ತನ್ನ ಜನರ ಪಾಪವನ್ನೂ ಅರಿಕೆ ಮಾಡಿಕೊಳ್ಳುತ್ತಾನೆ. ಪೌಲ ಫಿಲಿಪ್ಪಿಯವರಿಗೆ ಬರೆಯುವಾಗ, ಧರ್ಮಶಾಸ್ತ್ರದ ಲೆಕ್ಕದಲ್ಲಿ ನನ್ನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ ಎನ್ನುತ್ತಾನೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಪಾಪಿಗಳಲ್ಲಿ ನಾನೇ ಮುಖ್ಯನು ಎಂಬ ಮಾತಿದೆ. ನಿರ್ದೋಷಿ ಎನ್ನುವುದು ಆ ಪುಸ್ತಕಗಳಲ್ಲಿ ಒಬ್ಬ ಮನುಷ್ಯನ ನಡತೆಗೆ ಕೊಡುವ ದೊಡ್ಡ ಮರ್ಯಾದೆ. ಅವನ ಬದುಕಿನ ಪ್ರತಿಯೊಂದು ಗಳಿಗೆಗೂ ಕೊಟ್ಟ ಪ್ರಮಾಣಪತ್ರ ಅಲ್ಲ.

ನನಗೆ ಇವರೆಲ್ಲರಿಗಿಂತ ಹೆಚ್ಚು ಯೋಚನೆಗೆ ಹಚ್ಚುವವನು ಹೆಸರಿಲ್ಲದ ಒಬ್ಬ ಶ್ರೀಮಂತ. ಮಾರ್ಕನ 10ನೇ ಅಧ್ಯಾಯದಲ್ಲಿ ಓಡಿ ಬಂದು ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಕೊಲೆ ಮಾಡಬೇಡ, ಕದಿಯಬೇಡ, ಸುಳ್ಳು ಸಾಕ್ಷಿ ಹೇಳಬೇಡ ಎಂದು ಯೇಸು ಆಜ್ಞೆಗಳನ್ನು ನೆನಪಿಸಿದರೆ, ಇವೆಲ್ಲವನ್ನೂ ಚಿಕ್ಕಂದಿನಿಂದ ಪಾಲಿಸಿದ್ದೇನೆ ಎನ್ನುತ್ತಾನೆ. ಯೇಸು ಅವನನ್ನು ಸುಳ್ಳುಗಾರ ಎನ್ನುವುದಿಲ್ಲ. ಅವನನ್ನು ನೋಡಿ ಪ್ರೀತಿಸಿದರು ಎಂದು ಮಾರ್ಕ ಬರೆಯುತ್ತಾನೆ. ಆಮೇಲೆ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಎನ್ನುತ್ತಾರೆ. ಅವನು ಮುಖ ಸಣ್ಣದು ಮಾಡಿಕೊಂಡು ಹೊರಟುಹೋಗುತ್ತಾನೆ. ಮಾಡಬಾರದ್ದರ ಪಟ್ಟಿಯಲ್ಲಿ ಅವನಿಗೆ ಪೂರ್ತಿ ಅಂಕ ಸಿಕ್ಕಿರಬಹುದು. ಆದರೆ ದೇವರನ್ನು ಪೂರ್ಣ ಮನಸ್ಸಿನಿಂದ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಗೆ ಪಟ್ಟಿ ಸಾಕಾಗುವುದಿಲ್ಲ. ಬೆಟ್ಟದ ಪ್ರಸಂಗದಲ್ಲಿ ಯೇಸು ಕೊಲೆಯ ಆಜ್ಞೆಯನ್ನು ಕೋಪದವರೆಗೆ, ವ್ಯಭಿಚಾರದ ಆಜ್ಞೆಯನ್ನು ನೋಟದವರೆಗೆ ತಂದುಬಿಡುತ್ತಾರೆ. ಅಳತೆ ಅಷ್ಟು ಒಳಗೆ ಹೋದ ಮೇಲೆ ಒಬ್ಬರು ಪಾಪ ಮಾಡಿಲ್ಲ ಎಂದು ಹೊರಗಿನಿಂದ ನೋಡಿ ಹೇಳುವುದು ಯಾರಿಂದಲೂ ಆಗದ ಕೆಲಸ. ತನಗೆ ತಾನೇ ಹೇಳಿಕೊಳ್ಳುವುದೂ ಕಷ್ಟವೇ. ನನ್ನ ವಿರುದ್ಧ ನನಗೇನೂ ತೋರುತ್ತಿಲ್ಲ, ಆದರೆ ಅಷ್ಟಕ್ಕೇ ನಾನು ನಿರಪರಾಧಿ ಎಂದಾಗುವುದಿಲ್ಲ ಎಂಬ ಅರ್ಥದ ಮಾತನ್ನು ಪೌಲ ಕೊರಿಂಥದವರಿಗೆ ಬರೆದಿದ್ದಾನೆ.

ಹನೋಕ ಮತ್ತು ಎಲೀಯ ಸಾಯದೆ ಮೇಲಕ್ಕೆ ಹೋದರಲ್ಲ, ಪಾಪವಿದ್ದರೆ ಸಾವು ಬರಬೇಕಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಎಲೀಯನ ಬಗ್ಗೆ ಯಾಕೋಬನ ಪತ್ರವೇ ಅವನು ನಮ್ಮಂಥ ಸ್ವಭಾವದ ಮನುಷ್ಯ ಎನ್ನುತ್ತದೆ. ಹನೋಕನ ಬಗ್ಗೆ ಆದಿಕಾಂಡದಲ್ಲಿ ಇರುವುದು ಕೆಲವೇ ವಚನ. 365 ವರ್ಷ ಬದುಕಿದ, ದೇವರೊಂದಿಗೆ ನಡೆದ, ದೇವರು ಕರೆದುಕೊಂಡರು. ಅವನು ಯಾರ ಜೊತೆ ಜಗಳವಾಡಿದ, ಯಾವಾಗ ಸಿಟ್ಟಾದ ಎಂದು ಒಂದು ಸಾಲೂ ಇಲ್ಲ.

ಈ ಮೌನವನ್ನೇ ಹಿಡಿದು ಒಂದು ದೊಡ್ಡ ವಾದ ನಡೆದಿದೆ. 5ನೇ ಶತಮಾನದ ಶುರುವಿನಲ್ಲಿ ಪೆಲಾಜಿಯಸ್ ಎಂಬ ತಪಸ್ವಿ ರೋಮಿನಲ್ಲಿ ಹೆಸರು ಮಾಡಿದ್ದರು. ಬ್ರಿಟನ್ ಕಡೆಯವರು. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಹುದು ಎನ್ನುವುದು ಅವರ ಬೋಧನೆ. ಆಗದ ಕೆಲಸವನ್ನು ದೇವರು ಆಜ್ಞೆ ಮಾಡುತ್ತಾರೆಯೇ ಎಂಬುದು ಅವರ ತರ್ಕ. ಅದೇನೂ ಸುಮ್ನೆ ತಳ್ಳಿಹಾಕುವ ತರ್ಕವಲ್ಲ. ಹಾಗೆ ಬದುಕಿದವರ ಹೆಸರುಗಳನ್ನೂ ಅವರು ಕೊಟ್ಟರು. ಹೇಬೆಲ, ಹನೋಕನಿಂದ ಹಿಡಿದು ಮರಿಯವರೆಗೆ ಗಂಡಸರೂ ಹೆಂಗಸರೂ ಆ ಸಾಲಿನಲ್ಲಿ ಇದ್ದರು. ಹೇಬೆಲನ ವಿಷಯದಲ್ಲಿ ಅವರ ಮಾತು ಚುರುಕಾಗಿತ್ತು. ಲೋಕದ ಆರಂಭದಲ್ಲಿ ಆದಾಮ, ಹವ್ವ, ಕಾಯಿನ, ಹೇಬೆಲ ಎಂದು ಹೇಳುವುದು ನಾಲ್ಕೇ ಜನರ ಕಥೆ. ಮೂವರ ಪಾಪವನ್ನು ಬರೆದವರು ನಾಲ್ಕನೆಯವನದು ಇದ್ದಿದ್ದರೆ ಬಿಡುತ್ತಿದ್ದರೇ?

ಇದಕ್ಕೆ ಉತ್ತರ ಕೊಟ್ಟವರು ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟೀನ್. ವರ್ಷ 415. ಹೇಬೆಲ ನೀತಿವಂತನೇ, ಸಂಶಯವಿಲ್ಲ ಎಂದರು. ಆದರೆ ಅವನು ಒಮ್ಮೆ ಅತಿಯಾಗಿ ನಕ್ಕಿರಬಹುದು. ಹೊಟ್ಟೆ ತುಂಬಿದ ಮೇಲೂ ತಿಂದಿರಬಹುದು. ಪ್ರಾರ್ಥನೆ ಮಾಡುವಾಗ ಮನಸ್ಸು ಎಲ್ಲೋ ಹೋಗಿರಬಹುದು. ಇಂಥದ್ದನ್ನೆಲ್ಲ ಯಾರು ಬರೆಯುತ್ತಾರೆ? ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಗಟ್ಟಿಯಾಗಿ ನಿಲ್ಲುವ ಮಾತು ಇದು. ಪಾಪ ಬರೆದಿಲ್ಲ ಎಂದರೆ ಪಾಪ ಮಾಡಿಲ್ಲ ಎಂದಲ್ಲ. ಯಾರ ಬದುಕನ್ನು ಬೈಬಲ್ ಉದ್ದಕ್ಕೆ ಹೇಳುತ್ತದೋ ಅವರಲ್ಲಿ ಹೆಚ್ಚಿನವರು ಎಲ್ಲಾದರೂ ಒಂದು ಕಡೆ ಎಡವುತ್ತಾರೆ. ಮೋಶೆ, ದಾವೀದ, ಪೇತ್ರ ಯಾರನ್ನು ಬೇಕಾದರೂ ತೆಗೆದುಕೊಳ್ಳಿ. ಶುಭ್ರವಾಗಿ ಉಳಿಯುವವರು ಹೆಚ್ಚಾಗಿ ಯಾರ ಬಗ್ಗೆ ಎರಡೇ ಸಾಲು ಇದೆಯೋ ಅವರು. ಯೇಸುವಿನ ಬಗ್ಗೆ ಕ್ರೈಸ್ತರು ಹೇಳುವುದು ಈ ಮೌನದ ಮೇಲೆ ನಿಂತಿಲ್ಲ. ಇಬ್ರಿಯರಿಗೆ 4:15, 2 ಕೊರಿಂಥ 5:21, 1 ಪೇತ್ರ 2:22 ಇವು ಬಾಯಿಬಿಟ್ಟೇ ಹೇಳುತ್ತವೆ, ಆತನಲ್ಲಿ ಪಾಪವಿರಲಿಲ್ಲ ಎಂದು.

418ರಲ್ಲಿ ಕಾರ್ಥೇಜಿನಲ್ಲಿ ಬಿಷಪರ ಸಭೆ ಸೇರಿ ಪೆಲಾಜಿಯಸ್ ಪಂಥದ ಬೋಧನೆಗಳನ್ನು ತಿರಸ್ಕರಿಸಿತು. ಅಲ್ಲಿ ಎದ್ದ ಒಂದು ಪ್ರಶ್ನೆ ನಿಮಗೆ ಇಷ್ಟವಾಗಬಹುದು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಮ್ಮ ತಪ್ಪುಗಳನ್ನು ಕ್ಷಮಿಸು ಎಂದಿದೆಯಲ್ಲ. ದೊಡ್ಡ ದೊಡ್ಡ ಸಂತರು ಅದನ್ನು ಹೇಳುವಾಗ ಏನು ಅರ್ಥ? ಅವರಿಗೆ ತಪ್ಪೇ ಇಲ್ಲ, ಬರೀ ವಿನಯಕ್ಕೆ ಹೇಳುತ್ತಾರೆ ಎಂದು ಕೆಲವರು ವಾದಿಸಿದ್ದರು. ಇಲ್ಲ, ಬೇರೆಯವರ ಪರವಾಗಿ ಹೇಳುತ್ತಾರೆ ಎಂದು ಇನ್ನು ಕೆಲವರು. ಸಭೆ ಎರಡನ್ನೂ ತಳ್ಳಿಹಾಕಿತು. ಸಂತರು ಅದನ್ನು ಹೇಳುವುದು ನಿಜವಾಗಿಯೂ ತಮಗಾಗಿಯೇ ಎಂದು ತೀರ್ಪು ಕೊಟ್ಟಿತು. ಪ್ರಾರ್ಥನೆಯಲ್ಲಿ ದೇವರಿಗೇ ಸುಳ್ಳು ಹೇಳುವ ವಿನಯ ಯಾವ ಸೀಮೆಯ ವಿನಯ, ಅಲ್ವಾ?

ಅಗಸ್ಟೀನ್ ಆ ಪಟ್ಟಿಯಲ್ಲಿದ್ದ ಒಬ್ಬರನ್ನು ಮಾತ್ರ ವಾದಕ್ಕೆ ಎಳೆಯಲಿಲ್ಲ. ಪಾಪದ ಮಾತು ಬಂದಾಗ ಮರಿಯಳ ಬಗ್ಗೆ ನಾನು ಯಾವ ಪ್ರಶ್ನೆಯನ್ನೂ ಎತ್ತುವುದಿಲ್ಲ, ಅದು ಪ್ರಭುವಿನ ಗೌರವಕ್ಕಾಗಿ ಎಂದರು. ನಿಮ್ಮ ಗೆಳತಿಯ ಮಾತಿನ ಬೇರು ಇಲ್ಲೂ ಇದೆ.

ಆದರೆ ಆರಂಭದ ಸಭಾಪಿತೃಗಳೆಲ್ಲ, ಅಂದರೆ ಮೊದಲ ಶತಮಾನಗಳ ಕ್ರೈಸ್ತ ಗುರುಗಳೆಲ್ಲ, ಹೀಗೇ ಹೇಳಿದರು ಎಂದು ನಿಮ್ಮ ಗೆಳತಿ ಹೇಳಿದರೆ ಒಪ್ಪಬೇಡಿ. 3ನೇ ಶತಮಾನದ ಓರಿಜೆನ್, ಶಿಲುಬೆಯ ಹೊತ್ತಿನಲ್ಲಿ ಮರಿಯಳೂ ಸಂಶಯದಿಂದ ಅಲುಗಾಡಿದಳು ಎಂದು ಬೋಧಿಸಿದ್ದರು. ಆಕೆಗೆ ಪಾಪವೇ ಇರದಿದ್ದರೆ ಯೇಸು ಆಕೆಗಾಗಿ ಸಾಯಲಿಲ್ಲ ಎಂದಾಗುತ್ತದೆ ಎನ್ನುವುದು ಅವರ ಕಾರಣ. ಜಾನ್ ಕ್ರಿಸೊಸ್ತೊಮ್ ಅವರಂಥ ದೊಡ್ಡ ಪ್ರಸಂಗಿ, ಮಗನನ್ನು ಜನರ ಮಧ್ಯದಿಂದ ಹೊರಗೆ ಕರೆಸಿದಾಗ ಆಕೆಯಲ್ಲಿ ಸ್ವಲ್ಪ ಒಣ ಹೆಮ್ಮೆ ಇತ್ತು ಎಂದು ಹೇಳಿಬಿಟ್ಟಿದ್ದಾರೆ. ಈ ಕ್ರಿಸೊಸ್ತೊಮ್ ಕಥೋಲಿಕರಿಗೂ ಆರ್ಥೊಡಾಕ್ಸರಿಗೂ ಸಂತರು. ಈ ಮಾತನ್ನು ಮಾತ್ರ ಇಬ್ಬರೂ ಹೆಚ್ಚು ನೆನೆಯುವುದಿಲ್ಲ.

ಮಧ್ಯಯುಗದ ಹೊತ್ತಿಗೆ ಮರಿಯ ತಾನಾಗಿ ಯಾವ ಪಾಪವನ್ನೂ ಮಾಡಲಿಲ್ಲ ಎನ್ನುವುದು ಪಶ್ಚಿಮದಲ್ಲಿ ಒಪ್ಪಿತವಾಗಿತ್ತು. ಜಗಳ ಇದ್ದದ್ದು ಜನ್ಮಪಾಪದ ಬಗ್ಗೆ. ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಸರಿಮಾಡಬೇಕು. ಅಮಲೋದ್ಭವ ಎಂದರೆ ಯೇಸು ಕನ್ನಿಕೆಯಲ್ಲಿ ಹುಟ್ಟಿದ ವಿಷಯ ಎಂದು ಎಷ್ಟೋ ಜನ ತಿಳಿದಿದ್ದಾರೆ, ಕಥೋಲಿಕರಲ್ಲೂ. ಅದಲ್ಲ. ಮರಿಯ ತನ್ನ ತಾಯಿಯ ಗರ್ಭದಲ್ಲಿ ಉಂಟಾದ ಮೊದಲ ಕ್ಷಣದಿಂದಲೇ ಜನ್ಮಪಾಪದಿಂದ ಕಾಪಾಡಲ್ಪಟ್ಟಳು ಎನ್ನುವುದು ಆ ಬೋಧನೆ. ಆಕೆಗೆ ತಂದೆ ತಾಯಿ ಇಬ್ಬರೂ ಇದ್ದರು, ಎಲ್ಲರಂತೆಯೇ ಹುಟ್ಟಿದಳು.

12ನೇ ಶತಮಾನದಲ್ಲಿ ಕ್ಲೇರ್ವೋ ಮಠದ ಸನ್ಯಾಸಿ ಬರ್ನಾರ್ಡ್ ಇದನ್ನು ವಿರೋಧಿಸಿದರು. ಅವರು ಮರಿಯಳ ಮಹಾಭಕ್ತರು, ಆದರೂ. 13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕೂಡ ಒಪ್ಪಲಿಲ್ಲ. ಆಕೆಗೆ ಜನ್ಮಪಾಪ ಅಂಟಲೇ ಇಲ್ಲ ಎಂದರೆ ಆಕೆಗೆ ರಕ್ಷಕನೇ ಬೇಕಾಗಿರಲಿಲ್ಲ ಎಂದಾಗುತ್ತದೆ, ಯೇಸು ಎಲ್ಲರ ರಕ್ಷಕ ಎನ್ನುವುದು ಸುಳ್ಳಾಗುತ್ತದೆ ಎಂದರು. ಗಂಟು ಬಿಡಿಸಿದವರು 1308ರಲ್ಲಿ ತೀರಿಕೊಂಡ ಜಾನ್ ಡನ್ಸ್ ಸ್ಕೋಟಸ್. ರಕ್ಷಣೆ ಎರಡು ರೀತಿಯದು ಎನ್ನುವುದು ಅವರ ವಾದದ ತಿರುಳು. ಗುಂಡಿಗೆ ಬಿದ್ದವರನ್ನು ಎತ್ತುವುದೂ ರಕ್ಷಣೆ, ಬೀಳುವ ಮುಂಚೆಯೇ ಹಿಡಿದುಕೊಳ್ಳುವುದೂ ರಕ್ಷಣೆ. ಎರಡನೆಯದೇ ಹೆಚ್ಚಿನದು. ಹಾಗಾಗಿ ಮರಿಯಳಿಗೆ ರಕ್ಷಕ ಬೇಕಿರಲಿಲ್ಲ ಎಂದಲ್ಲ, ಎಲ್ಲರಿಗಿಂತ ಜಾಸ್ತಿ ರಕ್ಷಣೆ ಆಕೆಗೇ ಸಿಕ್ಕಿತು. ಲೂಕ 1:47ರಲ್ಲಿ ಮರಿಯ ದೇವರನ್ನು ನನ್ನ ರಕ್ಷಕ ಎಂದು ಹಾಡುತ್ತಾಳೆ. ಪ್ರೊಟೆಸ್ಟೆಂಟರು ಆಕೆ ಪಾಪಿ ಎಂದು ತೋರಿಸಲು ಈ ವಚನ ತೆಗೆದರೆ, ಕಥೋಲಿಕರು ಸ್ಕೋಟಸ್ ಅವರ ಈ ಉತ್ತರ ಕೊಡುತ್ತಾರೆ. ಆ ಒಂದು ವಚನದಿಂದ ವಾದ ಯಾರ ಕಡೆಗೂ ತೀರ್ಮಾನವಾಗುವುದಿಲ್ಲ.

ಆಮೇಲೂ ಜಗಳ ನಿಲ್ಲಲಿಲ್ಲ. 1483ರಲ್ಲಿ ಪೋಪ್ ನಾಲ್ಕನೇ ಸಿಕ್ಸ್ಟಸ್, ಎರಡೂ ಕಡೆಯವರು ಒಬ್ಬರನ್ನೊಬ್ಬರು ಪಾಷಂಡಿಗಳು ಎಂದು ಕರೆಯಬಾರದು ಎಂದು ಆಜ್ಞೆ ಹೊರಡಿಸಬೇಕಾಯಿತು. 1547ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ, ಬದುಕಿಡೀ ಸಣ್ಣ ಪಾಪವನ್ನೂ ಮಾಡದೆ ಇರುವುದು ದೇವರ ವಿಶೇಷ ವರವಿಲ್ಲದೆ ಯಾರಿಗೂ ಆಗದು, ಮರಿಯಳಿಗೆ ಆ ವರ ಇತ್ತೆಂದು ಸಭೆ ನಂಬುತ್ತದೆ ಎಂದಿತು. ಕೊನೆಗೆ 1854ರ ಡಿಸೆಂಬರ್ 8ರಂದು ಪೋಪ್ ಒಂಬತ್ತನೇ ಪಿಯುಸ್ ಅಮಲೋದ್ಭವವನ್ನು ಕಥೋಲಿಕರು ನಂಬಲೇಬೇಕಾದ ಸತ್ಯ ಎಂದು ಸಾರಿದರು.

ಆರ್ಥೊಡಾಕ್ಸರು ಮರಿಯಳನ್ನು ಪರಮ ಪವಿತ್ರಳು ಎಂದೇ ಕರೆಯುತ್ತಾರೆ. 1854ರ ಘೋಷಣೆಯನ್ನು ಮಾತ್ರ ಒಪ್ಪುವುದಿಲ್ಲ. ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದುರ್ಬಲತೆ, ಅವನ ಅಪರಾಧ ನಮ್ಮ ತಲೆಗೆ ಬರುವುದಿಲ್ಲ ಎನ್ನುವುದು ಅವರ ನಂಬಿಕೆ. ಇಲ್ಲದ ಹೊರೆಯನ್ನು ಇಳಿಸಲು ವಿಶೇಷ ಏರ್ಪಾಡು ಯಾಕೆ ಎಂದು ಕೇಳುತ್ತಾರೆ.

ಪ್ರೊಟೆಸ್ಟೆಂಟರ ಕಡೆ ಸ್ಪಷ್ಟ ಮಾತು ಬೇಕೆಂದರೆ ಇಂಗ್ಲೆಂಡ್ ಸಭೆ ತನ್ನ ನಂಬಿಕೆಗಳನ್ನು ಬರೆದಿಟ್ಟ 39 ವಿಧಿಗಳನ್ನು ನೋಡಬಹುದು. 1571ರಲ್ಲಿ ಅಂತಿಮ ರೂಪ ಪಡೆದವು. 15ನೆಯ ವಿಧಿಯ ತಲೆಬರಹವೇ ಕ್ರಿಸ್ತ ಒಬ್ಬನೇ ಪಾಪರಹಿತ ಎಂಬ ಅರ್ಥದ್ದು. ಅವರ ಮುಖ್ಯ ಆಧಾರ ರೋಮಾಪುರದವರಿಗೆ 3:23, ಎಲ್ಲರೂ ಪಾಪ ಮಾಡಿದ್ದಾರೆ ಎಂಬ ವಚನ. ಕಥೋಲಿಕರು ಇದಕ್ಕೆ, ಎಲ್ಲರೂ ಎಂದರೆ ಯೇಸುವೂ ಸೇರುತ್ತಾರೆಯೇ, ಒಂದು ಅಪವಾದ ಇರಬಹುದಾದರೆ ಎರಡು ಯಾಕಿರಬಾರದು ಎಂದು ಮರುಪ್ರಶ್ನೆ ಹಾಕುತ್ತಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಮೊದಲನೆಯ ಅಪವಾದವನ್ನು ಬೈಬಲ್ ತಾನೇ ಹೇಳಿದೆ, ಎರಡನೆಯದನ್ನು ಸಭೆಯ ಪರಂಪರೆ ಹೇಳುತ್ತದೆ. ಆ ಪರಂಪರೆಗೆ ಎಷ್ಟು ಅಧಿಕಾರ ಕೊಡುತ್ತೀರಿ ಎನ್ನುವುದರ ಮೇಲೆ ನಿಮ್ಮ ಉತ್ತರ ನಿಂತಿದೆ. ನೀವೂ ನಿಮ್ಮ ಗೆಳತಿಯೂ ವಾದ ಮಾಡುವುದಿದ್ದರೆ ಅದರ ಬಗ್ಗೆ ಮಾಡಿ, ಮರಿಯಳ ಗುಣದ ಬಗ್ಗೆ ಬೇಡ. ಬೈಬಲಿನಲ್ಲಿ ಮರಿಯಳ ಪಾಪ ಇಂಥದ್ದು ಎಂದು ತೋರಿಸುವ ವಚನ ಒಂದೂ ಇಲ್ಲ. ಆಕೆ ಪಾಪ ಮಾಡಿಲ್ಲ ಎಂದು ನೇರವಾಗಿ ಹೇಳುವ ವಚನವೂ ಇಲ್ಲ. ನನ್ನನ್ನು ಕೇಳಿದರೆ, ಹೇಬೆಲನಿಗೆ ಅಗಸ್ಟೀನ್ ಹಚ್ಚಿದ ಅಳತೆಯನ್ನೇ ಮರಿಯಳಿಗೂ ಹಚ್ಚಬೇಕಿತ್ತು. ಹಚ್ಚದೇ ಬಿಟ್ಟದ್ದು ಭಕ್ತಿಯಿಂದ, ವಾದದ ಬಲದಿಂದ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ನೀವಿಬ್ಬರೂ ಒಂದೇ ಕಡೆ ಇದ್ದೀರಿ. ಮರಿಯ ಸ್ವಂತ ಬಲದಿಂದ ಪಾಪ ಗೆದ್ದಳು ಎಂದು ಕಥೋಲಿಕ ಸಭೆಯೂ ಹೇಳುವುದಿಲ್ಲ. ಅದು ಮಗನ ಸಾವಿನ ಫಲ ಮುಂಚಿತವಾಗಿ ತಾಯಿಗೆ ಸಿಕ್ಕಿದ್ದು ಎನ್ನುತ್ತದೆ.

ಇನ್ನು ಎಳೆಗೂಸುಗಳು. ಒಳಿತು ಕೆಡುಕು ಗೊತ್ತಿಲ್ಲದ ಮಕ್ಕಳು ಎಂಬ ಮಾತು ಧರ್ಮೋಪದೇಶಕಾಂಡ 1:39ರಲ್ಲಿದೆ. ಯಾಕೋಬ ಮತ್ತು ಏಸಾವ ಹುಟ್ಟುವ ಮೊದಲು ಒಳ್ಳೆಯದನ್ನೂ ಕೆಟ್ಟದ್ದನ್ನೂ ಮಾಡಿರಲಿಲ್ಲ ಎಂದು ಪೌಲನೇ ಬರೆದಿದ್ದಾನೆ. ಹಾಗಾಗಿ ತಾನೇ ಮಾಡಿದ ಪಾಪದ ಲೆಕ್ಕದಲ್ಲಿ ಎಳವೆಯಲ್ಲೇ ತೀರಿಕೊಂಡ ಮಕ್ಕಳು ಪಾಪ ಮಾಡದವರೇ. ಮಗುವನ್ನು ಕಳೆದುಕೊಂಡವರ ಮುಂದೆ ಜನ್ಮಪಾಪದ ಚರ್ಚೆ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದಾಮ ಮತ್ತು ಹವ್ವ ಕೂಡ ಹಣ್ಣು ತಿನ್ನುವವರೆಗೆ ಪಾಪವಿಲ್ಲದೇ ಇದ್ದರು, ಆದರೆ ನೀವು ಕೇಳಿದ್ದು ಪೂರ್ತಿ ಬದುಕಿನ ವಿಷಯ.

ಇಸ್ಲಾಂನಲ್ಲಿ ಜನ್ಮಪಾಪ ಎನ್ನುವುದೇ ಇಲ್ಲ. ಆದಾಮ ಪಶ್ಚಾತ್ತಾಪ ಪಟ್ಟ, ಅಲ್ಲಾಹ್ ಕ್ಷಮಿಸಿದ, ಅಲ್ಲಿಗೆ ಮುಗಿಯಿತು. ಪ್ರವಾದಿಗಳನ್ನು ಅಲ್ಲಾಹ್ ಪಾಪದಿಂದ ಕಾಯುತ್ತಾನೆ ಎಂಬ ನಂಬಿಕೆ ಇದೆ. ಸಣ್ಣಪುಟ್ಟ ತಪ್ಪುಗಳಿಂದಲೂ ಕಾಯುತ್ತಾನೆಯೇ ಎಂಬುದರಲ್ಲಿ ಸುನ್ನಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಂಟು. ಹನ್ನೆರಡು ಇಮಾಮರನ್ನು ನಂಬುವ ಶಿಯಾಗಳು ಪ್ರವಾದಿ ಮುಹಮ್ಮದ್, ಅವರ ಮಗಳು ಫಾತಿಮಾ ಮತ್ತು ಹನ್ನೆರಡು ಇಮಾಮರು ಸೇರಿ 14 ಜನರನ್ನು ಪಾಪವಿಲ್ಲದವರೆಂದು ವಿಶೇಷವಾಗಿ ಗೌರವಿಸುತ್ತಾರೆ. ನಿಮ್ಮ ಗೆಳತಿಗೆ ಹೇಳಿ, ಹುಟ್ಟುವ ಪ್ರತಿ ಮಗುವನ್ನೂ ಸೈತಾನ ಮುಟ್ಟುತ್ತಾನೆ, ಮರ್ಯಮ್ (ಮರಿಯ) ಮತ್ತು ಅವರ ಮಗನನ್ನು ಬಿಟ್ಟು ಎಂಬ ಹದೀಸ್, ಅಂದರೆ ಪ್ರವಾದಿ ಮುಹಮ್ಮದರದ್ದೆಂದು ದಾಖಲಾದ ಮಾತು, ಬುಖಾರಿಯ ಸಂಗ್ರಹದಲ್ಲಿದೆ. ಆಕೆಗೆ ಖುಷಿಯಾಗಬಹುದು.

ಯೆಹೂದ್ಯರಲ್ಲೂ ಕ್ರೈಸ್ತರು ಹೇಳುವಂಥ ಜನ್ಮಪಾಪದ ಬೋಧನೆ ಇಲ್ಲ. ಆದರೂ ಪಾಪ ಮಾಡದ ನೀತಿವಂತ ಭೂಮಿಯ ಮೇಲೆ ಇಲ್ಲ ಎಂಬ ಪ್ರಸಂಗಿ 7:20ರ ಮಾತು ಅವರದ್ದೇ ಗ್ರಂಥದ್ದು. ಅವರ ಹಳೆಯ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಶಬ್ಬಾತ್ ಭಾಗದಲ್ಲಿ ಒಂದು ಚರ್ಚೆ ಬರುತ್ತದೆ. ಪಾಪವಿಲ್ಲದೆ ಸಾವು ಬರುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ಅದನ್ನು ಅಲ್ಲಗಳೆಯಲು, ತಮ್ಮ ಸ್ವಂತ ಪಾಪವೇ ಇಲ್ಲದೆ, ಬರೀ ಏದೆನಿನ ಹಾವಿನ ಕಾರಣದಿಂದ ಸತ್ತ ನಾಲ್ವರು ಇದ್ದಾರೆ ಎಂಬ ಹಳೆಯ ಮಾತನ್ನು ತರುತ್ತಾರೆ. ಆ ನಾಲ್ವರು ಯಾರು ಗೊತ್ತೇ? ಅಬ್ರಹಾಮನಲ್ಲ, ಮೋಶೆಯಲ್ಲ, ದಾವೀದನಲ್ಲ. ಯಾಕೋಬನ ಮಗ ಬೆನ್ಯಾಮೀನ, ಮೋಶೆಯ ತಂದೆ ಅಮ್ರಾಮ, ದಾವೀದನ ತಂದೆ ಇಷಯ, ಮತ್ತು ದಾವೀದನ ಮಗ ಕಿಲಾಬ. ಈ ಕೊನೆಯವನ ಬಗ್ಗೆ ಬೈಬಲಿನಲ್ಲಿ ಹೆಸರು, ತಾಯಿಯ ಹೆಸರು ಮತ್ತು ಹುಟ್ಟಿದ ವಿಷಯ ಬಿಟ್ಟರೆ ಹೆಚ್ಚೇನೂ ಇಲ್ಲ. ಮೋಶೆಯನ್ನೂ ದಾವೀದನನ್ನೂ ಬಿಟ್ಟು ಅವರ ಅಪ್ಪಂದಿರನ್ನು ಆರಿಸಿದ್ದಾರೆ ನೋಡಿ. ಮಕ್ಕಳ ಕಥೆ ಪುಸ್ತಕದ ತುಂಬ ಇದೆ, ಅಪ್ಪಂದಿರದು ಕೆಲವೇ ಸಾಲು.